ಎತ್ತಿನ ನಡಿಗೆ, ಬೆಳ್ಳಕ್ಕಿಯ ರೆಕ್ಕೆ: ಒಂದೇ ಚಿತ್ರದಲ್ಲಿ ಬೇರೆ ಬೇರೆ ವೇಗ

ಈ ಸಲ ನಮ್ಮ ಗೋಡೆ ಪತ್ರಿಕೆಯ ಎಡಗಡೆ ಮೊಳೆಗೆ ದಾರ ಕಟ್ಟಿ ಒಂದು ಸಣ್ಣ ಪುಸ್ತಕ ತೂಗು ಹಾಕಿದ್ದೇವೆ. ಅದರಲ್ಲಿ 40 ಹಾಳೆ ಇವೆ. ಎಡಗೈಯಿಂದ ಅದರ ಬೆನ್ನು ಹಿಡಿದು, ಬಲಗೈ ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರ ಬಿಟ್ಟರೆ ಒಂದು ಎತ್ತು ಚಕ್ಕಡಿ ಎಳೆಯುತ್ತದೆ, ಮೇಲೆ ಒಂದು ಬೆಳ್ಳಕ್ಕಿ ಹಾರುತ್ತದೆ. (ಚಕ್ಕಡಿಗೆ ಎರಡು ಎತ್ತು ಬೇಕಲ್ಲ ಎಂದು ಕೇಳಬೇಡಿರಿ. ಪಕ್ಕದಿಂದ ನೋಡಿದರೆ ಒಂದೇ ಕಾಣುತ್ತದೆ.) ದಯವಿಟ್ಟು ಬೆರಳಿಗೆ ಎಂಜಲು ಹಚ್ಚಿ ತಿರುವಬೇಡಿರಿ. ಮೂರನೇ ಇಯತ್ತೆಯವರು ಆಗಲೇ ಎರಡು ಹಾಳೆ ಹಸಿ ಮಾಡಿದ್ದಾರೆ.

ಅದನ್ನು ನೋಡಿ ಆದ ಮೇಲೆ ಈ ಲೇಖನ ಓದಿರಿ. ಎತ್ತಿನ ಕಾಲು ನಿಧಾನ, ಹಕ್ಕಿಯ ರೆಕ್ಕೆ ಚುರುಕು. ಎರಡೂ ಒಂದೇ ಹಾಳೆಯ ಮೇಲೆ ಇದ್ದರೂ ತಮ್ಮ ತಮ್ಮ ವೇಗದಲ್ಲಿ ಹೇಗೆ ಓಡುತ್ತವೆ ಎಂದು ಹೇಳುವುದೇ ನನ್ನ ಉದ್ದೇಶ. ಇದನ್ನು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ನಡುವೆ ಎಂಟು ದಿನ ನನ್ನ ಗೆಳತಿ ನನ್ನ ಸಂಗಡ ಮಾತು ಬಿಟ್ಟಿದ್ದಳು. ಅವಳ ಹೆಸರು ಬರೆಯಬ್ಯಾಡ ಅಂದಾಳ, ಅದಕ್ಕೇ ಬರೆದಿಲ್ಲ. ಯಾರೆಂದು ನಿಮಗೆಲ್ಲಾ ಗೊತ್ತೇ ಇದೆ.

ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಆ ದಿನವೇ ಸರ್ ಸಿ. ವಿ. ರಾಮನ್ ಅವರು ರಾಮನ್ ಪರಿಣಾಮವನ್ನು ಕಂಡುಹಿಡಿದರು. ಆ ದಿನದ ವಸ್ತು ಪ್ರದರ್ಶನಕ್ಕೆ ಪ್ರತಿ ವರ್ಷ ಯಾರಾದರೂ ಜ್ವಾಲಾಮುಖಿ ಮಾಡುತ್ತಾರೆ. ನಾವು ಬೇರೆ ಏನಾದರೂ ಮಾಡಬೇಕು ಎಂದುಕೊಂಡೆವು. ಹುಬ್ಬಳ್ಳಿ ಕೇಶ್ವಾಪುರದಲ್ಲಿ ನಮ್ಮ ಮಾಮಾ ಇರುತ್ತಾರೆ. ಅವರ ಮೊಬೈಲಿನಲ್ಲಿ ನಾನು ಒಂದು ಚಿತ್ರ ನೋಡಿದ್ದೆ. ದೀಪದ ಕುಡಿ ಅಲುಗಾಡುತ್ತಿತ್ತು, ಪಕ್ಕದಲ್ಲಿ ಒಂದು ಚಿಟ್ಟೆ ರೆಕ್ಕೆ ಬಡಿಯುತ್ತಿತ್ತು. ಎಷ್ಟು ನೋಡಿದರೂ ನಿಲ್ಲುತ್ತಿರಲಿಲ್ಲ. ಆದರೆ ನಾಲ್ಕು ಎಣಿಸುವುದರೊಳಗೆ ಒಮ್ಮೆ ಆ ಚಿಟ್ಟೆ ಟಕ್ ಅಂತ ಬಿಕ್ಕಳಿಸುತ್ತಿತ್ತು. ದೀಪ ಬಿಕ್ಕಳಿಸುತ್ತಿರಲಿಲ್ಲ, ಚಿಟ್ಟೆ ಮಾತ್ರ. ಯಾಕೆ ಎಂದು ಮಾಮಾನ ಮಗನನ್ನು ಕೇಳಿದೆ. ಅಣ್ಣ ಕಂಪ್ಯೂಟರ್ ಕಲಿಯುತ್ತಾನೆ. "ಮಾಡಿದವರು ಲೆಕ್ಕ ತಪ್ಯಾರ. ನೀವ ಚಿತ್ರ ಬರಕೊಂಡ ಬರ್ರಿ, ನಾ ಓಡಿಸಿ ಕೊಡ್ತೇನಿ. ಲೆಕ್ಕ ಮಾತ್ರ ನಿಮ್ಮದು" ಅಂದ.

ಮೊದಲು ಚಿತ್ರ ಓಡುವುದು ಹೇಗೆ ಎಂದು ಹೇಳುತ್ತೇನೆ. ನಿಜವಾಗಿ ಯಾವ ಚಿತ್ರವೂ ಓಡುವುದಿಲ್ಲ. ಸ್ವಲ್ಪ ಸ್ವಲ್ಪ ಬದಲಾದ ಚಿತ್ರಗಳನ್ನು ಒಂದರ ಹಿಂದೆ ಒಂದು ಬೇಗ ಬೇಗ ತೋರಿಸಿದರೆ ನಮ್ಮ ಮಿದುಳು ನಡುವಿನ ಸಂದು ತುಂಬಿಕೊಂಡು ಓಡಿತು ಎಂದು ತಿಳಿಯುತ್ತದೆ. ಸಿನೆಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಕೈಯಿಂದ ಬರೆದ ಕಾರ್ಟೂನಿನಲ್ಲಿ ಬಹಳ ಸಲ 12 ಚಿತ್ರ ಬರೆದು ಒಂದೊಂದನ್ನು ಎರಡೆರಡು ಸಲ ತೋರಿಸುತ್ತಾರೆ, ಅರ್ಧ ಕೆಲಸ ಉಳಿಯುತ್ತದೆ. ಈ ಎರಡೆರಡು ಸಲ ತೋರಿಸುವುದನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಕಂಪ್ಯೂಟರಿನಲ್ಲಿ ಇಂಥ ಚಿತ್ರಕ್ಕೆ ಜಿಫ್ ಎನ್ನುತ್ತಾರೆ. ಗಿಫ್ ಎಂದೂ ಅನ್ನುತ್ತಾರೆ, ಯಾವುದು ಸರಿ ಎಂದು ದೊಡ್ಡವರೇ ಜಗಳ ಆಡುತ್ತಾರಂತೆ. ಅದನ್ನು ಅಮೆರಿಕದ ಕಂಪ್ಯುಸರ್ವ್ ಎಂಬ ಕಂಪನಿಯಲ್ಲಿ ಸ್ಟೀವ್ ವಿಲ್‌ಹೈಟ್ ಎಂಬವರು ಮತ್ತು ಅವರ ಜೊತೆಗಾರರು 1987ರಲ್ಲಿ ಮಾಡಿದರು. 1989ರಲ್ಲಿ ಅದನ್ನು ತಿದ್ದಿ, ಒಂದೊಂದು ಚಿತ್ರವೂ ಎಷ್ಟು ಹೊತ್ತು ನಿಲ್ಲಬೇಕು ಎಂದು ಬರೆದಿಡುವ ಅನುಕೂಲ ಮಾಡಿದರು. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಓಡಿಸುವುದನ್ನು 1995ರ ಸುಮಾರಿಗೆ ನೆಟ್‌ಸ್ಕೇಪ್‌ನವರು ಸೇರಿಸಿದರು. ಜಿಫ್‌ನಲ್ಲಿ ಹೊತ್ತು ಅಳೆಯುವ ರೀತಿ ಹೀಗೆ: ಒಂದು ಸೆಕೆಂಡನ್ನು ನೂರು ಪಾಲು ಮಾಡಬೇಕು. 10 ಪಾಲು ಎಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗ. ಮುಂದೆ ನಾನು ಪಾಲು ಎಂದಲ್ಲೆಲ್ಲಾ ಇದೇ ಪಾಲು.

ಎತ್ತು ನನ್ನದು, ಬೆಳ್ಳಕ್ಕಿ ಗೆಳತಿಯದು. ನಾನು ಎತ್ತಿನ ಕಾಲು ಎತ್ತಿಡುವುದನ್ನು 4 ಚಿತ್ರಗಳಲ್ಲಿ ಬರೆದೆ. ಹೊಲದಿಂದ ಮನಿ ಕಡೆ ಹೊರಟ ಖಾಲಿ ಚಕ್ಕಡಿಯ ಎತ್ತನ್ನು ನೋಡಿ ಎಣಿಸಿದ್ದೆ. ಒಂದೇ ಕಾಲು 10 ಸೆಕೆಂಡಿಗೆ 12 ಸಲ ಏಳುತ್ತಿತ್ತು, ಒಮ್ಮೊಮ್ಮೆ 13 ಸಲ. ಅಂದರೆ ಒಂದು ಸುತ್ತು 80 ಪಾಲು, ಒಂದೊಂದು ಚಿತ್ರಕ್ಕೆ 20 ಪಾಲು. ಗೆಳತಿಯ ಅಪ್ಪ ಹೊಲ ಹೊಡೆಯುವಾಗ ಹಿಂದಿನಿಂದ ಬೆಳ್ಳಕ್ಕಿಗಳು ಹುಳ ಹೆಕ್ಕುತ್ತಾ ಬರುತ್ತವೆ. ಅವಳು ಬದುವಿನ ಮೇಲೆ ಕೂತು ನೋಡಿ ನೋಡಿ ರೆಕ್ಕೆಯ 5 ಚಿತ್ರ ಬರೆದಳು: ಮೇಲೆ, ನಡುವೆ, ಕೆಳಗೆ, ಪೂರಾ ಕೆಳಗೆ, ಮತ್ತೆ ಮಡಚಿಕೊಂಡು ಮೇಲೇಳುವುದು. ಸೆಕೆಂಡಿಗೆ ಎರಡು ಸಲ ಬಡಿಯುತ್ತದೆ ಎಂದು ಎಣಿಸಿದ್ದಳು. ಅಂದರೆ ಸುತ್ತು 50 ಪಾಲು, ಚಿತ್ರಕ್ಕೆ 10 ಪಾಲು. ಅವಳ ಚಿತ್ರ ನನ್ನದಕ್ಕಿಂತ ಚೆನ್ನಾಗಿದ್ದವು. ಇದನ್ನು ಈಗ ಬರೆಯುತ್ತಿದ್ದೇನೆ, ಆಗ ಹೇಳಿರಲಿಲ್ಲ.

ಭಾನುವಾರ ಚಿತ್ರ ತೆಗೆದುಕೊಂಡು ಹುಬ್ಬಳ್ಳಿಗೆ ಹೋದೆ. ಗೆಳತಿಗೆ ಮನೆಯಲ್ಲಿ ಮೆಣಸಿನಕಾಯಿ ಬಿಡಿಸುವುದಿತ್ತು, ಬರಲಿಲ್ಲ. ಅಣ್ಣ ಗಿಂಪ್ ಎಂಬ ಪ್ರೋಗ್ರಾಂ ತೆಗೆದ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ ಒಂದರ ಮೇಲೊಂದು ಪದರು ಇಡಬಹುದು, ಒಂದೊಂದು ಪದರೂ ಒಂದೊಂದು ಫ್ರೇಮ್. ಪದರಿನ ಹೆಸರಿನ ಮುಂದೆ ಕಂಸದಲ್ಲಿ ಎಷ್ಟು ಹೊತ್ತು ಎಂದು ಬರೆಯಬೇಕು. ಗಿಂಪ್‌ನಲ್ಲಿ ಅದನ್ನು ಸೆಕೆಂಡಿನ ಸಾವಿರದ ಪಾಲಿನಲ್ಲಿ ಬರೆಯುತ್ತಾರೆ, ಆದ್ದರಿಂದ ನಮ್ಮ 10 ಪಾಲಿಗೆ ಅಲ್ಲಿ 100. ಎತ್ತು ಒಂದೇ ಇಟ್ಟಾಗ ಚಂದ ನಡೆಯಿತು. ಬೆಳ್ಳಕ್ಕಿ ಒಂದೇ ಇಟ್ಟಾಗ ಚಂದ ಹಾರಿತು. ಆಮೇಲೆ ನಾನು "ಎರಡೂ ಕೂಡಿಸಿಬಿಡು" ಅಂದೆ. ಅಣ್ಣ ನಗುತ್ತಾ ಎತ್ತಿನ 4 ಪದರುಗಳ ಮೇಲೆ ಹಕ್ಕಿಯ 5 ಪದರು ಇಟ್ಟು ಓಡಿಸಿದ. ಎತ್ತು ನಾಲ್ಕು ಚಿತ್ರ ನಡೆದು ಮಾಯವಾಯಿತು. ಆಮೇಲೆ ಹಕ್ಕಿ ಬಂತು, ಐದು ಚಿತ್ರ ಹಾರಿ ಮಾಯವಾಯಿತು. ಮತ್ತೆ ಎತ್ತು.

ಹೀಗೇಕಾಯಿತು? ಜಿಫ್‌ನಲ್ಲಿ ಪಾಳಿ ಒಂದೇ. ರೇಷನ್ ಅಂಗಡಿ ಮುಂದೆ ಗಂಡಸರ ಪಾಳಿ, ಹೆಂಗಸರ ಪಾಳಿ ಎಂದು ಎರಡು ಇರುತ್ತವಲ್ಲ, ಹಾಗೆ ಎತ್ತಿಗೊಂದು ಹಕ್ಕಿಗೊಂದು ಪಾಳಿ ಅದರಲ್ಲಿ ಇಲ್ಲ. ಒಂದೇ ಪಾಳಿಯಲ್ಲಿ ಒಂದೊಂದೇ ಫ್ರೇಮ್ ಮುಂದೆ ಬರುತ್ತದೆ. ಒಂದು ಫ್ರೇಮ್ ಎಷ್ಟು ಹೊತ್ತು ನಿಲ್ಲಬೇಕು ಎಂದು ಹೇಳಬಹುದು, ಆದರೆ ಆ ಫ್ರೇಮಿನೊಳಗೆ ಎತ್ತು ನಿಂತಿರಲಿ ಹಕ್ಕಿ ಮುಂದೆ ಹೋಗಲಿ ಎಂದು ಹೇಳಲು ಬರುವುದಿಲ್ಲ. ಆದ್ದರಿಂದ ಒಂದೊಂದು ಫ್ರೇಮಿನಲ್ಲೂ ಎತ್ತು ಮತ್ತು ಹಕ್ಕಿ ಎರಡನ್ನೂ ನಾವೇ ಕೂಡಿಸಿ ಬರೆದಿರಬೇಕು.

ನಾನು ಸುಲಭದ ದಾರಿ ಹಿಡಿದೆ. ಎತ್ತು 1ಕ್ಕೆ ಹಕ್ಕಿ 1, ಎತ್ತು 2ಕ್ಕೆ ಹಕ್ಕಿ 2, ಹೀಗೆ 4ರವರೆಗೆ ಜೋಡಿ ಮಾಡಿಸಿದೆ. ಹಕ್ಕಿಯ 5ನೆಯ ಚಿತ್ರ ಉಳಿಯಿತು. ಅದಕ್ಕೆ ಜೋಡಿ ಇರಲಿಲ್ಲ. "ಇದೊಂದ ಬ್ಯಾಡ ತಗೀ" ಅಂದೆ. ಆ ಕಾಗದವನ್ನು ಮುದುಡಿ ಕಸದ ಬುಟ್ಟಿಗೂ ಹಾಕಿದೆ. ಓಡಿಸಿ ನೋಡಿದರೆ ಎರಡು ತಪ್ಪು. ಹಕ್ಕಿಯ ರೆಕ್ಕೆ ಪೂರಾ ಕೆಳಗಿನಿಂದ ಒಮ್ಮೆಲೇ ಪೂರಾ ಮೇಲಕ್ಕೆ ಹಾರಿಬಿಡುತ್ತಿತ್ತು, ಮಾಮಾನ ಮೊಬೈಲಿನ ಚಿಟ್ಟೆ ಬಿಕ್ಕಳಿಸಿದ ಹಾಗೇ. ಮತ್ತು ಫ್ರೇಮಿಗೆ 10 ಪಾಲು ಇಟ್ಟರೆ ಎತ್ತು ಚೇಳು ಕಡಿದಂತೆ ಓಡುತ್ತಿತ್ತು, 20 ಇಟ್ಟರೆ ಹಕ್ಕಿ ನಿದ್ದೆಗಣ್ಣಿನಲ್ಲಿ ಹಾರಿದಂತೆ ಕಾಣುತ್ತಿತ್ತು.

ಸೋಮವಾರ ಗೆಳತಿ ಕೇಳಿದಳು, "ನನ್ನ ಐದನೇ ಚಿತ್ರ ಎಲ್ಲಿ ಐತಿ?" ನಾನು ಇದ್ದದ್ದು ಹೇಳಿದೆ. "ನಿನ್ನ ಎತ್ತಿನ ಚಿತ್ರ ಒಂದ ತಗದಿದ್ರ ಸುಮ್ಮನಿರತಿದ್ದೇನು? ರೆಕ್ಕಿ ಮಡಚೋದ ನೋಡಾಕ ನಾ ನಾಕ ದಿನ ಬದುವಿನ ಮ್ಯಾಲ ಕೂತೇನಿ" ಅಂದಳು. ಆಮೇಲೆ ಮಾತಿಲ್ಲ. ಪ್ರಾರ್ಥನೆ ಸಾಲಿನಲ್ಲಿ ಕೂಡ ನನ್ನ ಹಿಂದೆ ನಿಲ್ಲುವುದು ಬಿಟ್ಟಳು.

ಆ ವಾರವೇ ಗಣಿತದ ಅಕ್ಕೋರು ಲ.ಸಾ.ಅ. ಮತ್ತು ಮ.ಸಾ.ಅ. ಮತ್ತೊಮ್ಮೆ ಮಾಡಿಸಿದರು. ಹಿಂದಿನ ವರ್ಷವೇ ಕಲಿತಿದ್ದೆವು, ಆದರೆ ನನಗೆ ಅದು ಮಾರ್ಕ್ಸಿಗೆ ಬಿಟ್ಟರೆ ಯಾತಕ್ಕೂ ಬಾರದ ಲೆಕ್ಕ ಅನ್ನಿಸಿತ್ತು. ರಾತ್ರಿ ಕೂತು 4 ಮತ್ತು 5ರ ಲ.ಸಾ.ಅ. ಎಷ್ಟು ಎಂದು ಬಾಯಲ್ಲಿ ಅಂದುಕೊಳ್ಳುತ್ತಿದ್ದೆ. ಅಜ್ಜ ಕೇಳಿಸಿಕೊಂಡು ಏನದು ಅಂದ. ಎರಡು ಸುತ್ತು ಒಟ್ಟಿಗೆ ಶುರುವಾದರೆ ಮತ್ತೆ ಯಾವಾಗ ಕೂಡುತ್ತವೆ ಅಂತ ನೋಡುವುದು ಎಂದೆ. "ಅದು ಪಂಚಾಂಗದಾಗೂ ಐತಿ" ಅಂದ ಅಜ್ಜ. ಅವನು ಹುಟ್ಟಿದ್ದು 1965ರಲ್ಲಿ, ವಿಶ್ವಾವಸು ಸಂವತ್ಸರ. 2025ರ ಯುಗಾದಿಗೆ ಮತ್ತೆ ವಿಶ್ವಾವಸು ಬಂತು. ಸಂವತ್ಸರಗಳು 60, ಆದ್ದರಿಂದ 60 ವರ್ಷಕ್ಕೆ ಅದೇ ಹೆಸರು. ಮರುದಿನ ವಿಜ್ಞಾನದ ಸರ್ ಹತ್ತಿರ ಕೇಳಿದೆ. ಗುರು ಗ್ರಹ ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ, ಶನಿಗೆ ಸುಮಾರು 30 ವರ್ಷ (ಸರಿಯಾಗಿ ಹೇಳಿದರೆ ಎರಡಕ್ಕೂ ಸ್ವಲ್ಪ ಕಡಿಮೆ) ಎಂದರು. 12 ಮತ್ತು 30ರ ಲ.ಸಾ.ಅ. 60! ಗುರು ಐದು ಸುತ್ತು, ಶನಿ ಎರಡು ಸುತ್ತು ಮುಗಿಸಿ ಹೆಚ್ಚು ಕಡಿಮೆ ಮೊದಲಿನ ಜಾಗಕ್ಕೇ ಬಂದಿರುತ್ತವೆ. ಇನ್ನೊಂದು ತಮಾಷೆ ಎಂದರೆ ಜಿಫ್ ಹುಟ್ಟಿದ 1987ರ ಯುಗಾದಿಗೆ ಬಂದದ್ದು ಪ್ರಭವ ಸಂವತ್ಸರ, ಅರವತ್ತರಲ್ಲಿ ಮೊಟ್ಟಮೊದಲನೆಯದು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಎತ್ತು 4, ಹಕ್ಕಿ 5. ಲ.ಸಾ.ಅ. 20. ಅಂದರೆ 20 ಫ್ರೇಮ್ ಮಾಡಿದರೆ ಎತ್ತು ಐದು ಸುತ್ತು, ಹಕ್ಕಿ ನಾಲ್ಕು ಸುತ್ತು ಮುಗಿಸಿ ಎರಡೂ ಒಟ್ಟಿಗೆ ಮೊದಲ ಚಿತ್ರಕ್ಕೆ ಬರುತ್ತವೆ. ಯಾವ ಚಿತ್ರವನ್ನೂ ಬಿಸಾಡಬೇಕಾಗಿಲ್ಲ, ಬಿಕ್ಕಳಿಕೆಯೂ ಇಲ್ಲ. ಆದರೆ ಎತ್ತು ಇನ್ನೂ ಚೇಳು ಕಡಿದಂತೆಯೇ ಓಡುತ್ತದೆ, ಯಾಕೆಂದರೆ ಅದೂ ಪ್ರತಿ ಫ್ರೇಮಿಗೆ ಬದಲಾಗುತ್ತಿದೆ. ಇಲ್ಲಿ ಆ ಕಾರ್ಟೂನಿನವರ ಉಪಾಯ ಬೇಕು. ಎತ್ತಿನ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿನಲ್ಲಿ ಇಡಬೇಕು. ಆಗ ಎತ್ತಿನ ಸುತ್ತು 8 ಫ್ರೇಮ್ ಆಗುತ್ತದೆ. 8 ಮತ್ತು 5ರ ಲ.ಸಾ.ಅ. 40. ನಮ್ಮ ಪುಸ್ತಕಕ್ಕೆ 40 ಹಾಳೆ ಯಾಕೆ ಎಂದು ಈಗ ತಿಳಿಯಿತಲ್ಲ.

ಎರಡೇ ಏಕೆ, ಮೂರು ಏಕಲ್ಲ? ಇಲ್ಲಿ ಮ.ಸಾ.ಅ. ಬರುತ್ತದೆ. ಎತ್ತಿನ ಚಿತ್ರ ನಿಲ್ಲುವುದು 20 ಪಾಲು, ಹಕ್ಕಿಯದು 10 ಪಾಲು. 20 ಮತ್ತು 10ರ ಮ.ಸಾ.ಅ. 10. ಅದೇ ಒಂದು ಫ್ರೇಮಿನ ಹೊತ್ತು. ಎತ್ತಿಗೆ ಅಂಥವು ಎರಡು, ಹಕ್ಕಿಗೆ ಒಂದು. ಹೀಗೆ ಒಂದು ಫ್ರೇಮ್ ಎಷ್ಟು ಹೊತ್ತು ಎಂಬುದನ್ನು ಮ.ಸಾ.ಅ. ಹೇಳುತ್ತದೆ, ಒಟ್ಟು ಎಷ್ಟು ಹೊತ್ತಿಗೆ ಎಲ್ಲ ಕೂಡುತ್ತವೆ ಎಂಬುದನ್ನು ಲ.ಸಾ.ಅ. ಹೇಳುತ್ತದೆ. 80 ಪಾಲು ಮತ್ತು 50 ಪಾಲಿನ ಲ.ಸಾ.ಅ. 400 ಪಾಲು, ಅಂದರೆ 4 ಸೆಕೆಂಡು. 400ನ್ನು 10ರಿಂದ ಭಾಗಿಸಿದರೆ ಅದೇ 40. ಎರಡು ದಾರಿಯಿಂದ ಹೋದರೂ ಒಂದೇ ಉತ್ತರ ಬಂದಾಗ ನಾನು ಹಾಸಿಗೆಯ ಮೇಲೇ ಎದ್ದು ಕುಣಿದೆ. ಅವ್ವ ಬೈದಳು.

ಮರುದಿನ ಸಂಜೆ ಗೆಳತಿಯ ಮನೆಗೆ ಹೋದೆ. ಲೆಕ್ಕದ ಕಾಗದ ಕೊಟ್ಟೆ. ಏನು ಹೇಳಬೇಕೋ ತಿಳಿಯಲಿಲ್ಲ, "ಐದನೇದು ಬೇಕಲೇ, ಅದಿಲ್ಲಂದ್ರ ನಲವತ್ತ ಆಗೂದಿಲ್ಲ" ಅಂದೆ. ಅವಳು ಕಾಗದ ನೋಡಿದಳು, ನನ್ನ ಮುಖ ನೋಡಲಿಲ್ಲ. "ಹರದಿದ್ದು ನೀ, ಬರಿಯಾಕ ನಾ ಬೇಕೇನು?" ಅಂದಳು. ನಾನು ತಪ್ಪಾಯಿತು ಎಂದೆ. ಅವಳ ಅವ್ವ ಒಳಗಿನಿಂದ "ಚಾ ಕುಡದು ಜಗಳಾಡ್ರಿ" ಅಂದರು. ಮೂರನೇ ದಿನ ಐದನೇ ಚಿತ್ರ ನನ್ನ ಪಾಟಿಚೀಲದಲ್ಲಿ ಇತ್ತು. ಯಾವಾಗ ಇಟ್ಟಳೋ ಗೊತ್ತಿಲ್ಲ.

40 ಹಾಳೆಯಲ್ಲಿ ಎತ್ತು, ಹಕ್ಕಿ ಎರಡನ್ನೂ ಕೈಯಿಂದ ಬರೆದರೆ 80 ಸಲ ಬರೆಯಬೇಕು. ನಾವು ಹಾಗೆ ಮಾಡಲಿಲ್ಲ. ಹಳೇ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಎತ್ತಿನ 4, ಹಕ್ಕಿಯ 5 ಅಚ್ಚು ಕತ್ತರಿಸಿದೆವು. ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಓಡಿಸಿದರೆ ಆಯಿತು. ಯಾವ ಹಾಳೆಗೆ ಯಾವ ಅಚ್ಚು ಎಂದು ಮರೆಯದಂತೆ ಹೀಗೊಂದು ಪಟ್ಟಿ ಮಾಡಿಕೊಂಡೆವು. ಮೊದಲ 10 ಹಾಳೆ ಮಾತ್ರ ಇಲ್ಲಿ ಬರೆದಿದ್ದೇನೆ. ಗಾಲಿಯ ಮಾತು ಮುಂದೆ ಬರುತ್ತದೆ.

ಹಾಳೆ: 1, 2, 3, 4, 5, 6, 7, 8, 9, 10
ಎತ್ತು: 1, 1, 2, 2, 3, 3, 4, 4, 1, 1
ಹಕ್ಕಿ: 1, 2, 3, 4, 5, 1, 2, 3, 4, 5
ಗಾಲಿ: 1, 2, 3, 4, 1, 2, 3, 4, 1, 2

ಪಟ್ಟಿ ಕಳೆದುಹೋದರೂ ಚಿಂತೆ ಇಲ್ಲ, ಶೇಷ ನೋಡಿದರೆ ಸಾಕು. 33ನೆಯ ಹಾಳೆಗೆ ಯಾವ ಹಕ್ಕಿ? 33ನ್ನು 5ರಿಂದ ಭಾಗಿಸಿದರೆ ಶೇಷ 3, ಆದ್ದರಿಂದ ಮೂರನೇ ಅಚ್ಚು. ಶೇಷ ಸೊನ್ನೆ ಬಂದರೆ ಐದನೆಯದು. ಎತ್ತಿಗೆ 8ರಿಂದ ಭಾಗಿಸಿರಿ. ಶೇಷ 1 ಅಥವಾ 2 ಬಂದರೆ ಮೊದಲನೇ ಅಚ್ಚು, 3 ಅಥವಾ 4 ಬಂದರೆ ಎರಡನೆಯದು, ಹೀಗೆ.

ಈಗ ಗಾಲಿ. ನಿಂತ ಗಾಲಿಯ ಚಕ್ಕಡಿಯನ್ನು ಎತ್ತು ಎಳೆದರೆ ನೋಡಿದವರು ನಗುತ್ತಾರೆ. ನಮ್ಮ ಚಿತ್ರದ ಗಾಲಿಗೆ 12 ಅರಗಳು, ಅಂದರೆ ನಡುವಿನಿಂದ ಅಂಚಿಗೆ ಹೋಗುವ ಕಟ್ಟಿಗೆಗಳು. 360ನ್ನು 12ರಿಂದ ಭಾಗಿಸಿದರೆ ಎರಡು ಅರಗಳ ನಡುವೆ 30 ಡಿಗ್ರಿ. ಎಲ್ಲ ಅರಗಳೂ ಒಂದೇ ತೆರನಾಗಿ ಇರುವುದರಿಂದ ಗಾಲಿ ಪೂರ್ತಿ ತಿರುಗುವುದನ್ನು ಬರೆಯಬೇಕಾಗಿಲ್ಲ, 30 ಡಿಗ್ರಿ ತಿರುಗಿದರೆ ಸಾಕು, ಮತ್ತೆ ಮೊದಲಿನಂತೆಯೇ ಕಾಣುತ್ತದೆ. ಕೋನಮಾಪಕದಲ್ಲಿ 10 ಡಿಗ್ರಿ ಗುರುತಿಸುವುದು ಸುಲಭ ಎಂದು ನಾನು 3 ಅಚ್ಚು ಮಾಡಿದೆ. ಆಮೇಲೆ ಲೆಕ್ಕ ಹಾಕಿದರೆ 8, 5, 3ರ ಲ.ಸಾ.ಅ. 120! ಮೂರು ಅಚ್ಚಿನ ಗಾಲಿಯಿಂದ 40 ಹಾಳೆ ಹೋಗಿ 120 ಹಾಳೆ ಆಯಿತು. ನಮ್ಮ ಹತ್ತಿರ ಅಷ್ಟು ಕಾಗದವೇ ಇರಲಿಲ್ಲ.

ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರರ ಬದಲಿ ನಾಕ ಮಾಡೂಣು" ಅಂದಳು. ಚಿತ್ರ ಹೆಚ್ಚಿದರೆ ಹಾಳೆಯೂ ಹೆಚ್ಚುತ್ತದೆ ಎಂದು ನಾನು ವಾದ ಮಾಡಿದೆ. ಬರೆದು ನೋಡಿದರೆ 8, 5, 4ರ ಲ.ಸಾ.ಅ. 40. ನಾಲ್ಕು ಎಂಟರಲ್ಲಿ ಸರಿಯಾಗಿ ಹೋಗುತ್ತದಲ್ಲ! ಒಂದು ಅಚ್ಚು ಹೆಚ್ಚು ಮಾಡಿದ್ದಕ್ಕೆ 80 ಹಾಳೆ ಉಳಿಯಿತು. ಈ ಇಡೀ ಕೆಲಸದಲ್ಲಿ ನನಗೆ ಬಹಳ ಆಶ್ಚರ್ಯ ಆದದ್ದು ಇದೇ. ಆದರೆ 30ರಲ್ಲಿ ನಾಲ್ಕು ಪಾಲು ಎಂದರೆ ಏಳೂವರೆ ಡಿಗ್ರಿ. ಕೋನಮಾಪಕದ ಎರಡು ಗೆರೆಗಳ ನಡುವೆ ಕಣ್ಣಂದಾಜಿನಿಂದ ದಬ್ಬಣದ ಮೊನೆ ಇಟ್ಟು ಚುಚ್ಚಿದೆವು.

2 ಅಚ್ಚು ಮಾಡಿದ್ದರೆ ಇನ್ನೂ ಸುಲಭ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಾವೂ ಮಾಡಿ ನೋಡಿದೆವು. ಒಂದೊಂದು ಸಲಕ್ಕೆ 15 ಡಿಗ್ರಿ, ಅಂದರೆ ಸರಿಯಾಗಿ ಎರಡು ಅರಗಳ ನಟ್ಟನಡುವೆ. ಗಾಲಿ ಮುಂದೆ ಹೊರಟಿದೆಯೋ ಹಿಂದೆ ಹೊರಟಿದೆಯೋ ಕಣ್ಣಿಗೆ ತಿಳಿಯದೆ ನಿಂತಲ್ಲೇ ನಡುಗುತ್ತದೆ. ಅದಕ್ಕೂ ಹೆಚ್ಚು, 20 ಡಿಗ್ರಿ ತಿರುಗಿಸಿದರೆ ಗಾಲಿ 10 ಡಿಗ್ರಿ ಹಿಂದಕ್ಕೆ ಹೋದಂತೆ ಕಾಣುತ್ತದೆ, ಯಾಕೆಂದರೆ ಹಿಂದಿನ ಅರವೇ ಹತ್ತಿರ ಇರುತ್ತದೆ. ಟಿವಿಯಲ್ಲಿ ರಥ ಮುಂದೆ ಓಡುವಾಗ ಗಾಲಿ ಹಿಂದೆ ತಿರುಗುವುದನ್ನು ನೀವೂ ನೋಡಿರಬೇಕು. ಕಾರಣ ಇದೇ. ಅಪ್ಪ ನಮ್ಮ ಚಿತ್ರ ನೋಡಿ, ಎತ್ತು ಇಷ್ಟು ಚುರುಕಾಗಿ ನಡೆದರೆ ಗಾಲಿ ಇನ್ನೂ ಜೋರು ತಿರುಗಬೇಕು ಅಂದ. ಅದು ನಿಜ, ಒಪ್ಪುತ್ತೇನೆ.

ಎಲ್ಲಾ ಮುಗಿಯಿತು ಎನ್ನುವಾಗ ಗೆಳತಿ ಕೆಂಪು ಸ್ಕೆಚ್ ಪೆನ್ ತೆಗೆದಳು. ಕಾರಹುಣ್ಣಿವಿಗೆ ಅವಳ ಅಪ್ಪ ಗಾಲಿಗೆ ಕೆಂಪು ಬಟ್ಟೆ ಕಟ್ಟುತ್ತಾನಂತೆ. ಒಂದು ಅರದ ಮೇಲೆ ಕೆಂಪು ಬಣ್ಣ ಹಚ್ಚಿ, ಅದೇ ಅರ ಮುಂದೆ ಮುಂದೆ ಹೋಗುವಂತೆ 40 ಹಾಳೆಗೂ ಹಚ್ಚಿದಳು. ಹೆಬ್ಬೆರಳಿನಿಂದ ಹಾಳೆ ಬಿಟ್ಟಾಗ ಬಹಳ ಚಂದ ಕಂಡಿತು. ಮುಂದಿನ ಭಾನುವಾರ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಅಣ್ಣ ಮೊಬೈಲಿನಿಂದ 40 ಹಾಳೆಗಳ ಫೋಟೋ ತೆಗೆದು, ಗಿಂಪ್‌ನಲ್ಲಿ 40 ಪದರು ಮಾಡಿ, ಎಲ್ಲಕ್ಕೂ 100 ಎಂದು ಬರೆದು ಓಡಿಸಿದ. ಎತ್ತು ಸರಿ, ಹಕ್ಕಿ ಸರಿ, ಗಾಲಿ ಸರಿ. ಆದರೆ 4 ಸೆಕೆಂಡಿಗೊಮ್ಮೆ ಆ ಕೆಂಪು ಬಣ್ಣ ಟಕ್ ಎಂದು ಎರಡು ಅರ ಮುಂದೆ ಜಿಗಿಯುತ್ತಿತ್ತು. ನಮಗೂ ಬಿಕ್ಕಳಿಕೆ ಬಂತು!

ಪುಸ್ತಕದಲ್ಲಿ ಇದು ಕಾಣುವುದಿಲ್ಲ. ಪುಸ್ತಕ 40ನೆಯ ಹಾಳೆಗೆ ನಿಲ್ಲುತ್ತದೆ. ಜಿಫ್ ನಿಲ್ಲುವುದಿಲ್ಲ, 40 ಆದ ಕೂಡಲೇ 1. ಲೆಕ್ಕ ನೋಡಿರಿ: 40 ಸಲ ಏಳೂವರೆ ಡಿಗ್ರಿ ತಿರುಗಿದರೆ 300 ಡಿಗ್ರಿ. ಪೂರ್ತಿ ಸುತ್ತಿಗೆ ಇನ್ನೂ 60 ಕಡಿಮೆ. ಬಣ್ಣವಿಲ್ಲದ ಅರಗಳೆಲ್ಲಾ ಒಂದೇ ರೀತಿ ಇದ್ದುದರಿಂದ ನಡೆದುಹೋಗುತ್ತಿತ್ತು. ಒಂದಕ್ಕೆ ಬಣ್ಣ ಬಂದ ಮೇಲೆ ಅದು ಬೇರೆಯಾಯಿತು, ಗಾಲಿ ಪೂರ್ತಿ 360 ಡಿಗ್ರಿ ತಿರುಗಿ ಬರಲೇಬೇಕು. ಅದಕ್ಕೆ 48 ಫ್ರೇಮ್ ಬೇಕು. 48 ಮತ್ತು 40ರ ಲ.ಸಾ.ಅ. 240. ಅಣ್ಣ ಬಣ್ಣ ತೆಗೆದುಬಿಡೋಣ ಅಂದ. ನನ್ನ ಬಾಯಿಗೂ ಅದೇ ಬಂದಿತ್ತು. ಕಸದ ಬುಟ್ಟಿ ಅಲ್ಲೇ ಮೇಜಿನ ಕೆಳಗೆ ಇತ್ತು. ನಾನು ಸುಮ್ಮನೆ ಕೂತೆ.

ಗೆಳತಿ ಒಂದು ಕಾಗದದ ಮೇಲೆ ಗಾಲಿ ಬರೆದು ಬಹಳ ಹೊತ್ತು ಬೆರಳಿನಿಂದ ತಿರುವುತ್ತಾ ಕೂತಳು. ಅತ್ತಿ ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ, "ಅರವತ್ತ ಡಿಗ್ರಿ ಅಂದ್ರ ಎರಡ ಅರ. ಒಂದ ಬಿಟ್ಟ ಒಂದಕ್ಕ ಬಣ್ಣ ಹಚ್ಚಿದ್ರ?" ಅಂದಳು. ಕೆಂಪು, ಬಿಳಿ, ಕೆಂಪು, ಬಿಳಿ. ಆರು ಕೆಂಪು ಅರ. ಆಗ ಎರಡು ಅರ ಜಿಗಿದರೂ ಕೆಂಪು ಇದ್ದಲ್ಲಿಗೆ ಕೆಂಪೇ ಬರುತ್ತದೆ, ಬಿಳಿ ಇದ್ದಲ್ಲಿಗೆ ಬಿಳಿ. 40 ಫ್ರೇಮೇ ಸಾಕು. ಅಣ್ಣ ಅವಳನ್ನು ಎರಡು ಸಲ ನೋಡಿದ. ಕಾಲೇಜಿನಾಗ ನನಗಿದು ಹೊಳೀತಿರಲಿಲ್ಲ ಅಂದ. ಸಂಜೆ ಬಸ್ಸಿನ ಹೊತ್ತಿನವರೆಗೆ ಕೂತು 40 ಹಾಳೆಗೂ ಇನ್ನೂ ಐದೈದು ಅರಗಳಿಗೆ ಬಣ್ಣ ಹಚ್ಚಿದೆವು, ಮತ್ತೆ ಫೋಟೋ ತೆಗೆದೆವು. ಓಡಿತು. ಬಿಕ್ಕಳಿಕೆ ಇಲ್ಲ. ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತದೆ ಎಂದು ನೀವು ಹುಡುಕಿದರೂ ಸಿಗುವುದಿಲ್ಲ.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಅಣ್ಣ ಹೇಳಿದ ಎರಡು ವಿಷಯ ಬರೆಯುತ್ತೇನೆ. ಹಾಳೆ ಪುಸ್ತಕದಲ್ಲಿ ಹೆಬ್ಬೆರಳು ಎಲ್ಲ ಹಾಳೆಯನ್ನೂ ಒಂದೇ ವೇಗದಲ್ಲಿ ಬಿಡುತ್ತದೆ, ಆದರೆ ಜಿಫ್‌ನಲ್ಲಿ ಒಂದೊಂದು ಫ್ರೇಮಿಗೂ ಬೇರೆ ಬೇರೆ ಹೊತ್ತು ಕೊಡಬಹುದು. ಹಕ್ಕಿ 15 ಪಾಲಿಗೆ, ಎತ್ತು 20 ಪಾಲಿಗೆ ಬದಲಾಗುತ್ತದೆ ಎಂದುಕೊಳ್ಳಿರಿ. ಮ.ಸಾ.ಅ. 5, ಆದ್ದರಿಂದ 60 ಪಾಲಿಗೆ 12 ಫ್ರೇಮ್ ಬೇಕು. ಆದರೆ ಅದರಲ್ಲಿ ಎಷ್ಟೋ ಫ್ರೇಮ್ ಹಿಂದಿನದರ ಹಾಗೇ ಇರುತ್ತವೆ, ಸುಮ್ಮನೆ ತೂಕ. ಏನಾದರೂ ಬದಲಾಗುವುದು 15, 20, 30, 40, 45, 60ನೆಯ ಪಾಲಿಗೆ ಮಾತ್ರ. ಹಾಗಾದರೆ ಆರೇ ಫ್ರೇಮ್ ಮಾಡಿ, ಅವುಗಳಿಗೆ 15, 5, 10, 10, 5, 15 ಎಂದು ಹೊತ್ತು ಕೊಟ್ಟರೆ ಆಯಿತು. ಕೂಡಿಸಿ ನೋಡಿರಿ, 60 ಬರುತ್ತದೆ. ಎರಡನೆಯದು, ಬಹಳ ಜೋರು ಓಡಿಸಬೇಕೆಂದು 0 ಅಥವಾ 1 ಪಾಲು ಕೊಡಬೇಡಿರಿ. ಇಂಟರ್‌ನೆಟ್ ನೋಡುವ ಬಹಳಷ್ಟು ಪ್ರೋಗ್ರಾಂಗಳು ಅದನ್ನು ನಂಬದೆ 10 ಪಾಲು ಎಂದು ತಿಳಿದುಕೊಳ್ಳುತ್ತವೆ. ಜೋರು ಮಾಡಲು ಹೋಗಿ ನಿಧಾನ ಆಗುತ್ತದೆ. 2ಕ್ಕಿಂತ ಕೆಳಗೆ ಇಳಿಯದಿದ್ದರೆ ಸಾಕು.

ಮೋಡದ ಬಗ್ಗೆ ಕೆಲವರು ಕೇಳಿದರು. ಮೋಡ ಬಲು ನಿಧಾನ, ಅದರ ವೇಗಕ್ಕೆ ಲೆಕ್ಕ ಹಾಕಿದರೆ ಹಾಳೆ ಸಾವಿರವಾದೀತು. ಅಂಥದಕ್ಕೆ ಸುತ್ತನ್ನು ನಾವೇ ಗೊತ್ತು ಮಾಡಬೇಕು. 40 ಹಾಳೆಯೊಳಗೆ ಒಂದು ಮೋಡ ತನ್ನ ಮುಂದಿನ ಮೋಡ ಇದ್ದ ಜಾಗಕ್ಕೆ ಸರಿದರೆ ಸಾಕು, ಮೋಡಗಳೆಲ್ಲ ಒಂದೇ ಆಕಾರ, ಒಂದೇ ಅಂತರದಲ್ಲಿ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಗಾಲಿಯ ಅರದ ಉಪಾಯವೇ ಇದು. ನಮಗೆ ಹೊತ್ತಾಗಿತ್ತು, ಮೋಡ ಬರೆಯಲಿಲ್ಲ.

ಫೆಬ್ರುವರಿ 28ಕ್ಕೆ ಅಕ್ಕೋರ ಮೊಬೈಲಿನಲ್ಲಿ ಜಿಫ್, ಪಕ್ಕದಲ್ಲಿ ಪುಸ್ತಕ ಇಟ್ಟಿದ್ದೆವು. ದೊಡ್ಡವರು ಮೊಬೈಲ್ ನೋಡಿದರು, ಸಣ್ಣ ಹುಡುಗರೆಲ್ಲಾ ಪುಸ್ತಕಕ್ಕೇ ಮುಗಿಬಿದ್ದರು. ಅಜ್ಜ ಬಂದಿದ್ದ. ಎತ್ತಿನ ಹಿಂಗಾಲು ಸ್ವಲ್ಪ ಕುಂಟುತ್ತದೆ ಅಂದ. ಅದು ನನ್ನ ಮೂರನೇ ಅಚ್ಚಿನ ತಪ್ಪು. ಹಕ್ಕಿಯಲ್ಲಿ ಅವನಿಗೆ ಯಾವ ತಪ್ಪೂ ಕಾಣಲಿಲ್ಲ.

ಈಗ ಗೆಳತಿ ಚಕ್ಕಡಿಯ ಹಿಂದೆ ಓಡುವ ನಾಯಿ ಬರೆಯುತ್ತಿದ್ದಾಳೆ. 7 ಚಿತ್ರ ಆಗಿವೆ. 40 ಮತ್ತು 7ರ ಲ.ಸಾ.ಅ. 280. ಒಂದು ಹೆಚ್ಚು ಬರೆದು 8 ಮಾಡು, 40ರಲ್ಲೇ ಮುಗಿಯುತ್ತದೆ ಎಂದು ಹೇಳಿ ನೋಡಿದೆ. "ನಾಯಿ ಏಳರಾಗ ಓಡತೈತಿ, ನಾ ಎಣಿಸೇನಿ" ಅಂತಾಳ. ಹಳೇ ನೋಟುಪುಸ್ತಕದ ಖಾಲಿ ಹಾಳೆ ಇದ್ದವರು ದಯವಿಟ್ಟು ತಂದುಕೊಡಿರಿ. ಇನ್ನೂ 240 ಬೇಕು.